ಮತ್ತೆ ಮಾಡಲು ಬಂದರೆ ಮಾತ್ರ ಉಳಿದಂತೆ

ತೊಂಬತ್ತರ ದಶಕದಲ್ಲಿ ಮಕ್ಕಳಾಗಿದ್ದವರಿಗೆ ‘ವಿಡಿಯೋ ಗೇಮ್ ಕ್ಯಾಸೆಟ್’ ಎಂದರೆ ವಿವರಿಸಿ ಹೇಳಬೇಕಿಲ್ಲ. ಅದರೊಳಗೆ ಟೇಪು ಇರಲಿಲ್ಲ, ಆದರೂ ಎಲ್ಲರ ಬಾಯಲ್ಲಿ ಅದು ಕ್ಯಾಸೆಟ್ಟೇ. ಟಿವಿಗೆ ಜೋಡಿಸಿದ ಪೆಟ್ಟಿಗೆಯ ನೆತ್ತಿಯ ಮೇಲೆ ಸಿಕ್ಕಿಸಬೇಕು, ಚಿತ್ರ ಬರದಿದ್ದರೆ ಕಿತ್ತು ಬಾಯಿಂದ ಉಫ್ ಎಂದು ಊದಿ ಮತ್ತೆ ಸಿಕ್ಕಿಸಬೇಕು. ಊದಿದ್ದರಿಂದ ಸರಿಹೋಯಿತು ಎಂದು ಎಲ್ಲರೂ ನಂಬಿದ್ದರು. ನಿಜವಾಗಿ ಕೆಲಸ ಮಾಡಿದ್ದು ಕಿತ್ತು ಮತ್ತೆ ಸಿಕ್ಕಿಸಿದ್ದು. ಉಸಿರಿನ ತೇವ ತಾಮ್ರದ ಹಲ್ಲುಗಳಿಗೆ ಹಾನಿಯನ್ನೇ ಮಾಡುತ್ತಿತ್ತು.

ಸ್ಕ್ರೂಡ್ರೈವರ್ ಹಿಡಿದು ಅದನ್ನು ಬಿಚ್ಚಿ ನೋಡಿದ ಮಕ್ಕಳೂ ಇದ್ದರು. ಅವರಲ್ಲಿ ಹೆಚ್ಚಿನವರಿಗೆ ನಿರಾಸೆಯಾಯಿತು. ಒಳಗೆ ಒಂದು ಸಣ್ಣ ಬೋರ್ಡು, ಅದರ ನಡುವೆ ಡಾಂಬರಿನ ಹನಿ ಬಿದ್ದು ಗಟ್ಟಿಯಾದ ಹಾಗೆ ಒಂದು ಕಪ್ಪು ಉಂಡೆ. ಚಿಪ್ಪಿನ ಮೇಲೆ ಎಪಾಕ್ಸಿ ಸುರಿದು ಮುಚ್ಚಿರುತ್ತಿದ್ದರು. ಏನು ಬರೆದಿದೆ ಎಂದು ನೋಡಲಾಗದು, ಅಳಿಸಿ ಬೇರೆ ಬರೆಯಲಾಗದು. ಆಡಬಹುದು, ಹಾಳಾದರೆ ಎಸೆಯಬಹುದು. ಬಳಸುವವರಿಗೂ ವಸ್ತುವಿಗೂ ನಡುವೆ ಇದ್ದ ಸಂಬಂಧ ಅಷ್ಟೇ.

ಇದಕ್ಕೆ ತದ್ವಿರುದ್ಧವಾದ ಒಂದು ಹವ್ಯಾಸ ಜಗತ್ತಿನ ಹಲವು ಕಡೆ ಇಂದಿಗೂ ನಡೆಯುತ್ತಿದೆ. ನಲವತ್ತು ವರ್ಷ ದಾಟಿದ ಗೃಹ ಕಂಪ್ಯೂಟರುಗಳಿಗೆ ಮನೆಯ ಮೇಜಿನ ಮೇಲೆ, ಕೈಯಾರೆ ಬೆಸುಗೆ ಹಾಕಿ, ಆಟದ ಕಾರ್ಟ್ರಿಜ್ ತಯಾರಿಸುವುದು. ಇದನ್ನು ಕೇಳಿದ ಬಹಳ ಜನ ಮುಗುಳ್ನಕ್ಕು ಬಿಡುತ್ತಾರೆ. ಹಳೆಯದರ ಹಂಬಲ, ಕೈಯಲ್ಲಿ ಬಿಡುವಿರುವವರ ಚಟ ಎಂದುಕೊಳ್ಳುತ್ತಾರೆ. ಆ ಅಭಿಪ್ರಾಯ ತಪ್ಪು. ಸಾಫ್ಟ್‌ವೇರ್ ಎಂಬುದನ್ನು ಮುಂದಿನ ತಲೆಮಾರಿಗೆ ಉಳಿಸುವುದು ಹೇಗೆ ಎಂಬ ಪ್ರಶ್ನೆಗೆ ಕಂಪನಿಗಳು ಕೊಟ್ಟಿರುವುದಕ್ಕಿಂತ ನಂಬಿಕೆಗೆ ಅರ್ಹವಾದ ಉತ್ತರವನ್ನು ಈ ಹವ್ಯಾಸಿಗಳು ಕೊಡುತ್ತಿದ್ದಾರೆ.

ಮಾತಿಗೆ ಕಮೊಡೋರ್ 64 ಎಂಬ ಯಂತ್ರವನ್ನೇ ತೆಗೆದುಕೊಳ್ಳಬಹುದು. 1982ರ ಆಗಸ್ಟಿನಲ್ಲಿ ಅಮೆರಿಕದಲ್ಲಿ 595 ಡಾಲರಿಗೆ ಮಾರಾಟಕ್ಕೆ ಬಂದ ಈ ಕಂಪ್ಯೂಟರಿನ ಹೆಸರಿನಲ್ಲಿರುವ 64 ಅದರ ಮೆಮೊರಿಯನ್ನು ಸೂಚಿಸುತ್ತದೆ: 64 ಕೆಬಿ. ಒಂದು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ತಯಾರಿಸಿದ ಕಂಪನಿ 1994ರಲ್ಲಿ ದಿವಾಳಿಯಾಯಿತು. ಆಟಗಳು ಟೇಪಿನಲ್ಲೂ ಫ್ಲಾಪಿಯಲ್ಲೂ ಬರುತ್ತಿದ್ದವು. ಟೇಪಿನಿಂದ ಒಂದು ಆಟ ಲೋಡ್ ಆಗುವಷ್ಟರಲ್ಲಿ ಕಾಫಿ ಮಾಡಿ ಕುಡಿದು ಬರಬಹುದಿತ್ತು. ಕಾರ್ಟ್ರಿಜ್ ಆದರೆ ಸ್ವಿಚ್ ಒತ್ತಿದ ಕೂಡಲೇ ಆಟ. ಅದಕ್ಕಾಗಿ ಯಂತ್ರದ ಹಿಂಬದಿಯಲ್ಲಿ 44 ಸಂಪರ್ಕಗಳ ಒಂದು ಬಾಯಿ ಇದೆ, ಮೇಲೆ 22, ಕೆಳಗೆ 22.

ಆ ಬಾಯಿಗೆ ಹೊಂದುವ ಕಾರ್ಟ್ರಿಜ್ ಮಾಡಲು ಬೇಕಾದದ್ದು ಬಹಳ ಕಡಿಮೆ. ಸರಳವಾದ 8 ಕೆಬಿ ಕಾರ್ಟ್ರಿಜ್‌ಗೆ ಒಂದು ಬೋರ್ಡು, 2764 ಎಂಬ 28 ಕಾಲಿನ ಒಂದು ಇಪ್ರಾಮ್ ಚಿಪ್ಪು, ವಿದ್ಯುತ್ತಿನ ಏರಿಳಿತ ತಡೆಯಲು ಒಂದು ಸಣ್ಣ ಕೆಪಾಸಿಟರ್ ಸಾಕು. ಚಿಪ್ಪಿಗೆ 13 ವಿಳಾಸದ ಗೆರೆಗಳು. ಎರಡನ್ನು ಹದಿಮೂರು ಸಲ ಗುಣಿಸಿದರೆ 8192, ಅಂದರೆ ಸರಿಯಾಗಿ 8 ಕೆಬಿ. ಮಾಹಿತಿಗೆ 8 ಗೆರೆಗಳು. ಉಳಿದದ್ದು ವಿದ್ಯುತ್ತು, ಗ್ರೌಂಡ್ ಮತ್ತು ‘ಈಗ ನಿನ್ನ ಸರದಿ’ ಎಂದು ಚಿಪ್ಪಿಗೆ ಹೇಳುವ ಒಂದು ಗೆರೆ. ಎಕ್ಸ್‌ರಾಮ್ ಎಂಬ ಇನ್ನೊಂದು ಗೆರೆಯನ್ನು ಗ್ರೌಂಡಿಗೆ ಜೋಡಿಸಿದರೆ ಕಂಪ್ಯೂಟರ್ ತನ್ನ ಮೆಮೊರಿಯ ಒಂದು ತುಂಡನ್ನು ಓದುವಾಗ ಬದಿಗಿಟ್ಟು, 32768ನೆಯ ವಿಳಾಸದಿಂದ ಕಾರ್ಟ್ರಿಜ್ಜನ್ನೇ ತೋರಿಸುತ್ತದೆ. ಗೇಮ್ ಎಂಬ ಮತ್ತೊಂದು ಗೆರೆಯನ್ನೂ ಗ್ರೌಂಡಿಗೆ ಸೇರಿಸಿದರೆ 16 ಕೆಬಿ ಸಿಗುತ್ತದೆ.

ಯಂತ್ರ ಎದ್ದೇಳುವ ರೀತಿಯೂ ಹೀಗೇ ನೇರ. ವಿದ್ಯುತ್ತು ಬಂದ ಕೂಡಲೇ ಅದು 32772ನೆಯ ವಿಳಾಸದಿಂದ ಐದು ಅಕ್ಷರ ಓದುತ್ತದೆ. ಅಲ್ಲಿ ‘ಸಿಬಿಎಂ80’ ಎಂದು ನಿಗದಿತ ರೂಪದಲ್ಲಿ ಬರೆದಿದ್ದರೆ ತನ್ನ ಎಂದಿನ ನೀಲಿ ಪರದೆಗೆ ಹೋಗುವ ಬದಲು ಕಾರ್ಟ್ರಿಜ್ ಹೇಳಿದ ಕಡೆಗೆ ಹೋಗುತ್ತದೆ. ಇಲ್ಲದಿದ್ದರೆ ಏನೂ ಸಿಕ್ಕಿಸಿಲ್ಲ ಎಂಬಂತೆ ಮುಂದುವರಿಯುತ್ತದೆ. ಯಾರ ಅನುಮತಿಯೂ ಬೇಡ, ಯಾವ ಸರ್ವರಿಗೂ ಕರೆ ಹೋಗುವುದಿಲ್ಲ. ಆ ಐದು ಅಕ್ಷರ ಬರೆಯಲು ಬಂದವರೆಲ್ಲರೂ ಆ ಯಂತ್ರಕ್ಕೆ ಕಾರ್ಟ್ರಿಜ್ ಮಾಡಬಹುದು.

ಭಾರತದಲ್ಲಿ ಎಂಜಿನಿಯರಿಂಗ್ ಓದಿದ ಕನ್ನಡಿಗರಿಗೆ ಇಲ್ಲಿ ಏನೋ ಪರಿಚಿತ ವಾಸನೆ ಹೊಡೆಯಬೇಕು. ಕಮೊಡೋರ್ 64 ಈ ದೇಶದಲ್ಲಿ ಮನೆಮಾತಾದ ಯಂತ್ರವಲ್ಲ, ನಿಜ. ಆದರೆ 8085 ಮೈಕ್ರೊಪ್ರೊಸೆಸರಿಗೆ 2764 ಇಪ್ರಾಮ್ ಜೋಡಿಸಿ ಮೆಮೊರಿ ಮ್ಯಾಪ್ ಬರೆಯಿರಿ ಎಂಬಂಥ ಪ್ರಶ್ನೆಗೆ ಉತ್ತರ ಬರೆದು ಪಾಸಾದವರು ಪುಣೆ, ಹೈದರಾಬಾದ್, ಚೆನ್ನೈಗಳ ಕಚೇರಿಗಳಲ್ಲಿ ತುಂಬಿದ್ದಾರೆ. ಉತ್ತರಪತ್ರಿಕೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಹತ್ತು ಅಂಕ ಗಿಟ್ಟಿಸಿದ ಆ ಚಿತ್ರ ನಿಜವಾಗಿ ಏನು ಮಾಡುತ್ತದೆ ಎಂದು ನೋಡುವ ಅವಕಾಶ ಎಷ್ಟು ಜನರಿಗೆ ಸಿಕ್ಕಿತು? ಕಾರ್ಟ್ರಿಜ್ ಮಾಡುವವರ ಮೇಜಿನ ಮೇಲೆ ಅದೇ ಚಿತ್ರ ವಸ್ತುವಾಗುತ್ತದೆ. ಒಂದು ವಿಳಾಸದ ಗೆರೆ ತಪ್ಪಿದರೆ ಪರದೆಯ ಮೇಲೆ ಕಸ ಬರುತ್ತದೆ. ಸರಿಯಾದರೆ ಒಂದು ಕಪ್ಪೆ ರಸ್ತೆ ದಾಟುತ್ತದೆ.

ಇಪ್ರಾಮ್ ಚಿಪ್ಪಿನ ಸ್ವಭಾವವನ್ನೂ ಸ್ವಲ್ಪ ತಿಳಿಯಬೇಕು, ಈ ಲೇಖನದ ವಾದ ಅದರ ಮೇಲೆ ನಿಂತಿದೆ. 1971ರಲ್ಲಿ ಇಂಟೆಲ್ ಕಂಪನಿಯಲ್ಲಿ ಡೋವ್ ಫ್ರೋಮನ್ ರೂಪಿಸಿದ ಈ ಬಗೆಯ ಚಿಪ್ಪಿನ ಬೆನ್ನ ಮೇಲೆ ಒಂದು ಗಾಜಿನ ಕಿಟಕಿ ಇರುತ್ತದೆ. ಖಾಲಿ ಚಿಪ್ಪಿನ ಎಲ್ಲ ಬಿಟ್‌ಗಳೂ 1. ಬರೆಯುವುದು ಎಂದರೆ ಬೇಕಾದ ಕಡೆ ಹೆಚ್ಚಿನ ವೋಲ್ಟೇಜು ಕೊಟ್ಟು ವಿದ್ಯುದಾವೇಶವನ್ನು ಒಳಗೆ ಸಿಕ್ಕಿಸಿ 0 ಮಾಡುವುದು. ಹಳೆಯ 2764ಕ್ಕೆ 21 ವೋಲ್ಟ್ ಬೇಕು, ನಂತರದ 2764ಎ ಮಾದರಿಗೆ 12.5 ವೋಲ್ಟ್. ಎರಡನೆಯದಕ್ಕೆ ಮೊದಲನೆಯದರ ವೋಲ್ಟೇಜು ಕೊಟ್ಟರೆ ಚಿಪ್ಪು ಸತ್ತಂತೆಯೇ. ಅಳಿಸಬೇಕಾದರೆ ಕಿಟಕಿಯ ಮೇಲೆ ಕಾಲು ಗಂಟೆ, ಇಪ್ಪತ್ತು ನಿಮಿಷ ಅತಿನೇರಳೆ ದೀಪ ಹಾಯಿಸಬೇಕು. ಕಿಟಕಿಯನ್ನು ಹಾಗೇ ಬಿಟ್ಟರೆ ನೇರ ಬಿಸಿಲು ಒಂದು ವಾರದಲ್ಲಿ, ಟ್ಯೂಬ್‌ಲೈಟಿನ ಬೆಳಕು ಕೆಲವು ವರ್ಷಗಳಲ್ಲಿ ಒಳಗಿನದನ್ನು ಅಳಿಸಬಲ್ಲದು. ಅದಕ್ಕೇ ಬರೆದಾದ ಮೇಲೆ ಕಿಟಕಿಗೆ ಒಂದು ಚೀಟಿ ಅಂಟಿಸುತ್ತಾರೆ. ಚೀಟಿ ಇದ್ದರೂ ಒಳಗಿನ ಆವೇಶ ದಶಕಗಳ ಲೆಕ್ಕದಲ್ಲಿ ಸೋರುತ್ತಲೇ ಇರುತ್ತದೆ. ಅಂದರೆ ಇದು ಶಿಲಾಶಾಸನವಲ್ಲ.

ಹಾಗಾದರೆ ಯಾವುದು? ಕನ್ನಡದವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪ್ರಸಿದ್ಧಿ. ಆ ದಾನಕ್ಕೆ ಅಷ್ಟು ಹೆಸರು ಬಂದದ್ದು ಯಾಕೆ? ತಾಳೆಗರಿ ಉಳಿಯುವ ವಸ್ತುವಲ್ಲ ಎಂದು ಆ ಕಾಲದವರಿಗೆ ಗೊತ್ತಿತ್ತು. ಹುಳು ತಿನ್ನುತ್ತದೆ, ತೇವ ಹಿಡಿಯುತ್ತದೆ, ಅಂಚು ಮುರಿಯುತ್ತದೆ. ಒಂದು ಓಲೆಕಟ್ಟನ್ನು ಎಷ್ಟೇ ಭದ್ರವಾಗಿ ಪೆಟ್ಟಿಗೆಯಲ್ಲಿಟ್ಟರೂ ಕೆಲವು ನೂರು ವರ್ಷ. ಹಳಗನ್ನಡದ ಕಾವ್ಯಗಳು, ವಚನಗಳು ಇಂದು ಕೈಯಲ್ಲಿವೆ ಎಂದರೆ ಮೂಲ ಓಲೆಗಳು ಉಳಿದವು ಎಂದಲ್ಲ. ಪ್ರತಿ ಹಳತಾಗುವ ಮೊದಲು ಯಾರೋ ಒಬ್ಬರು ಕೂತು ಇನ್ನೊಂದು ಪ್ರತಿ ಮಾಡಿದರು ಎಂದು. ಹಾಗೆ ಮಾಡಲು ಲಿಪಿ ಗೊತ್ತಿರಬೇಕಿತ್ತು, ಗರಿ ಹದ ಮಾಡಲು ಗೊತ್ತಿರಬೇಕಿತ್ತು, ಕಂಟ ಹಿಡಿಯಲು ಬರಬೇಕಿತ್ತು. ಈ ಮೂರರಲ್ಲಿ ಒಂದು ಮರೆತಿದ್ದರೂ ಸರಪಳಿ ಅಲ್ಲಿಗೇ ತುಂಡಾಗುತ್ತಿತ್ತು.

ಮನೆಯಲ್ಲಿ ಕಾರ್ಟ್ರಿಜ್ ಮಾಡುವವರು ನಡೆಸುತ್ತಿರುವುದು ಇದೇ ಕೆಲಸ. ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಪಾಠಾಂತರ, ಪ್ರಕ್ಷೇಪಗಳ ತಲೆನೋವು ಗೊತ್ತು. ಪ್ರತಿಕಾರ ತನಗೆ ತೋಚಿದ ಪದ್ಯವನ್ನು ನಡುವೆ ಸೇರಿಸಿದ್ದರೆ ಮೂಲ ಯಾವುದು ಎಂದು ಹುಡುಕಬೇಕು. ಕಮೊಡೋರ್ 64ರ ಆಟಗಳದ್ದೂ ಇದೇ ಕಥೆ. ಎಂಬತ್ತರ ದಶಕದಲ್ಲಿ ಯುರೋಪಿನ ಹುಡುಗರ ಗುಂಪುಗಳು ಆಟಗಳ ಪ್ರತಿಬಂಧ ಮುರಿದು, ಆರಂಭದಲ್ಲಿ ತಮ್ಮ ಹೆಸರು, ಸಂಗೀತ ಸೇರಿಸಿ ಹಂಚಿದವು. ಇಂದು ಓಡಾಡುವ ಫೈಲುಗಳಲ್ಲಿ ಅಂಥ ತಿದ್ದಿದ ಪ್ರತಿಗಳು ಬಹಳ. ಆದ್ದರಿಂದ ಕೆಲಸ ತಿಳಿದವರು ಮೂಲ ಕಾರ್ಟ್ರಿಜ್‌ನಿಂದ ಓದಿದ ಬೈಟುಗಳನ್ನು ಬೇರೆ ಬೇರೆ ಪ್ರತಿಗಳೊಡನೆ ಹೋಲಿಸುತ್ತಾರೆ, ಚೆಕ್‌ಸಮ್ ತಾಳೆ ನೋಡುತ್ತಾರೆ, ಹೊಸ ಚಿಪ್ಪಿಗೆ ಬರೆದ ಮೇಲೆ ಮತ್ತೆ ಓದಿ ಪರೀಕ್ಷಿಸುತ್ತಾರೆ. ಬೆಸುಗೆಯಷ್ಟೇ ಅಲ್ಲ, ಗ್ರಂಥಸಂಪಾದನೆಯೂ ಅಲ್ಲಿ ನಡೆಯುತ್ತಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಇಷ್ಟೆಲ್ಲ ಯಾಕೆ, ಎಮ್ಯುಲೇಟರ್ ಇದೆಯಲ್ಲ? ಲ್ಯಾಪ್‌ಟಾಪಿನಲ್ಲಿ ವೈಸ್‌ನಂಥ ಒಂದು ಪ್ರೋಗ್ರಾಂ ಹಾಕಿಕೊಂಡರೆ ಇಡೀ ಕಮೊಡೋರ್ 64 ಕಿಟಕಿಯೊಂದರಲ್ಲಿ ತೆರೆಯುತ್ತದೆ. ಆಟ ಆಡಬೇಕು, ಅಷ್ಟೇ ಎನ್ನುವವರಿಗೆ ಅದು ಧಾರಾಳ ಸಾಕು. ಅದನ್ನು ಹೀಯಾಳಿಸುವ ಹಕ್ಕು ಯಾವ ಹವ್ಯಾಸಿಗೂ ಇಲ್ಲ. ಆದರೆ ಎಮ್ಯುಲೇಟರ್ ಸರಿಯಾಗಿದೆಯೇ ಇಲ್ಲವೇ ಎಂದು ಹೇಳುವವರು ಯಾರು? ನಿಜವಾದ ಯಂತ್ರಕ್ಕೆ ನಿಜವಾದ ಚಿಪ್ಪು ಸಿಕ್ಕಿಸಿ, ಗೆರೆಗಳ ಮೇಲೆ ಏನು ನಡೆಯುತ್ತಿದೆ ಎಂದು ಅಳೆದು ನೋಡಿದವರು. ಅಂಥವರು ಇಲ್ಲವಾದ ದಿನ ಎಮ್ಯುಲೇಟರ್ ಎಂಬುದು ಮೂಲ ಕಾಣದೆ ಮಾಡಿದ ಅನುವಾದದಂತೆ ಆಗುತ್ತದೆ. ಅನುವಾದ ಓದುವವರು ಲಕ್ಷ ಜನ ಇರಲಿ, ಮೂಲದ ಭಾಷೆ ಬಲ್ಲವರು ಕೆಲವರಾದರೂ ಇರಲೇಬೇಕು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಇದು ಕಳ್ಳತನವಲ್ಲವೇ? ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯಕೃತಿ. ಕಾದಂಬರಿಗೆ ಇರುವಂತೆ ಅದಕ್ಕೂ ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷ ರಕ್ಷಣೆ. 1983ರಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಬರೆದ ಆಟ ಆ ಲೆಕ್ಕದಲ್ಲಿ ಈ ಶತಮಾನ ಮುಗಿಯುವವರೆಗೂ ರಕ್ಷಣೆಯಲ್ಲಿರಬಹುದು. ಅದೇ ಕಾಯ್ದೆಯ 52ನೆಯ ಸೆಕ್ಷನ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರಿಗೆ, ಅದು ಹಾಳಾದರೆ ಅಥವಾ ಕಳೆದುಹೋದರೆ ಇರಲಿ ಎಂದು, ತಮ್ಮ ಬಳಕೆಗೆ ಮಾತ್ರ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ತನ್ನ ಬಳಿ ಇರುವ ಕಾರ್ಟ್ರಿಜ್ ಸಾಯುವ ಮೊದಲು ಅದಕ್ಕೊಂದು ಪ್ರತಿ ಮಾಡಿಟ್ಟುಕೊಳ್ಳುವುದು ಬೇರೆ. ಅಂಥ ಐವತ್ತು ಪ್ರತಿ ಮಾಡಿ, ಬಣ್ಣದ ಲೇಬಲ್ ಅಂಟಿಸಿ, ಹಳೆಯ ಅಸಲಿ ಮಾಲು ಎಂದು ಮಾರುವುದು ಬೇರೆ. ಎರಡನೆಯದು ನಡೆಯುತ್ತದೆ, ಅದನ್ನು ಉಳಿಸುವ ಕೆಲಸ ಎಂದು ಕರೆಯಬಾರದು. ಅದು ಕಾನೂನನ್ನಷ್ಟೇ ಮುರಿಯುವುದಿಲ್ಲ, ಮುಂದೆ ಮೂಲ ಯಾವುದು ಎಂದು ಹುಡುಕುವವರ ದಾರಿಯನ್ನೂ ಕೆಡಿಸುತ್ತದೆ.

ಆದರೆ ಆಕ್ಷೇಪ ಎತ್ತುವವರು ಇನ್ನೊಂದು ಪಕ್ಷದ ಲೆಕ್ಕವನ್ನೂ ನೋಡಬೇಕು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಕೊಳ್ಳುತ್ತೇನೆ ಎಂದರೂ ಮಾರುಕಟ್ಟೆಯಲ್ಲಿ ಇಲ್ಲ. ಕಮೊಡೋರ್ 64ರ ಮಟ್ಟಿಗೆ ಸಿಗುವುದು ಶೇ. 5ಕ್ಕಿಂತಲೂ ಕಡಿಮೆ. ಹಕ್ಕು ಯಾರದು ಎಂದೇ ತಿಳಿಯದ ಆಟಗಳು ಎಷ್ಟೋ. ಕಂಪನಿ ಮುಚ್ಚಿದೆ, ಕೊಂಡ ಕಂಪನಿಯೂ ಮುಚ್ಚಿದೆ, ಕಾಗದಪತ್ರ ಎಲ್ಲಿಯೋ ಹೋಗಿದೆ. ಮಾರುವವರಿಲ್ಲದ, ಕೇಳುವವರಿಲ್ಲದ ಕೃತಿ ಕಾನೂನಿನ ಬೀಗದೊಳಗೆ ಸುಮ್ಮನೆ ಸೋರಿಹೋಗಲಿ ಎನ್ನುವುದು ಕರ್ತೃವಿಗೆ ತೋರಿಸುವ ಗೌರವವಲ್ಲ. ಗ್ರಂಥಾಲಯ, ಸಂಗ್ರಹಾಲಯಗಳಿಗೆ ಇಂಥ ಅನಾಥ ಕೃತಿಗಳ ಪ್ರತಿ ಮಾಡಿ ಓದುಗರಿಗೆ, ಆಡುವವರಿಗೆ ಕೊಡುವ ಸ್ಪಷ್ಟ ಅವಕಾಶವನ್ನು ಕಾನೂನು ಕೊಡಬೇಕು. ಅಲ್ಲಿಯವರೆಗೆ ಆ ಹೊರೆ ಹವ್ಯಾಸಿಗಳ ಮೇಜಿನ ಮೇಲೆಯೇ ಉಳಿಯುತ್ತದೆ.

ಇದೆಲ್ಲ ಹಳೆಯ ಯಂತ್ರದ ಹಳೆಯ ಕಥೆ ಎಂದು ತಳ್ಳಿಹಾಕುವವರು ಇಂದಿನ ಅಂಗಡಿಯ ಕಡೆಗೂ ತಿರುಗಿ ನೋಡಲಿ. 2023ರ ಮಾರ್ಚಿನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳಲು ಆಮೇಲೆ ದಾರಿಯಿಲ್ಲ. 2024ರ ಮಾರ್ಚ್ 31ರಂದು ಯುಬಿಸಾಫ್ಟ್ ‘ದಿ ಕ್ರೂ’ ಎಂಬ ಕಾರ್ ಓಟದ ಆಟದ ಸರ್ವರ್ ಮುಚ್ಚಿದಾಗ, ದುಡ್ಡು ಕೊಟ್ಟು ಡಿಸ್ಕ್ ಕೊಂಡವರ ಕೈಯಲ್ಲಿ ಉಳಿದದ್ದು ಪ್ಲಾಸ್ಟಿಕ್ಕಿನ ತಟ್ಟೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಗೆ ಬಂದ ಕಾನೂನೊಂದು, ಡಿಜಿಟಲ್ ಸರಕನ್ನು ಮಾರುವವರು ಕೊಡುತ್ತಿರುವುದು ಒಡೆತನವಲ್ಲ, ಬಳಸುವ ಪರವಾನಗಿ ಮಾತ್ರ ಎಂದು ಬಾಯಿಬಿಟ್ಟು ಹೇಳಬೇಕು ಎನ್ನುತ್ತದೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ಕ್ಕೆ ‘ಗೇಮ್ ಕೀ ಕಾರ್ಡ್’ ಎಂಬ ಹೊಸ ಬಗೆಯ ಕಾರ್ಟ್ರಿಜ್ ಇದೆ. ನೋಡಲು ಕಾರ್ಟ್ರಿಜ್ಜೇ, ಅಂಗಡಿಯಲ್ಲಿ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಒಳಗೆ ಆಟ ಇಲ್ಲ. ಆಟ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇದೆ. ತೊಂಬತ್ತರ ದಶಕದ ಕಪ್ಪು ಉಂಡೆಯೊಳಗೆ ಕನಿಷ್ಠ ಆಟವಾದರೂ ಇತ್ತು.

ಇದರ ಎದುರಿಗೆ 8 ಕೆಬಿಯ ಕಾರ್ಟ್ರಿಜ್ ಇಟ್ಟು ನೋಡಬೇಕು. ಅದರಲ್ಲಿ ಇರುವುದೆಲ್ಲ ಅದರಲ್ಲೇ ಇದೆ. ಒಬ್ಬ ಮನುಷ್ಯ ಅದನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಓದಿ ಮುಗಿಸಬಹುದು. ಹೋಲಿಕೆಗೆ ಹೇಳುವುದಾದರೆ, ಯುಟಿಎಫ್-8 ಎಂಬ ಇಂದಿನ ರೂಢಿಯ ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತಚಿಹ್ನೆಗೂ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಈ ಲೇಖನವೇ 16 ಕೆಬಿ ಕಾರ್ಟ್ರಿಜ್‌ನಲ್ಲಿ ಹಿಡಿಸುವುದಿಲ್ಲ. ಇಷ್ಟು ಇಕ್ಕಟ್ಟಿನಲ್ಲಿ ಹೊಸ ಆಟ ಬರೆಯುವವರು ಈಗಲೂ ಇದ್ದಾರೆ. 16 ಕೆಬಿಯ ಮಿತಿಯಲ್ಲಿ ಹೊಸ ಕಮೊಡೋರ್ 64 ಆಟ ಬರೆಯುವ ಸ್ಪರ್ಧೆಗಳು ನಡೆದಿವೆ. ಮಿತಿ ಸಾಲದು ಎನ್ನುವವರು ಬೋರ್ಡಿಗೆ ಒಂದು ಲ್ಯಾಚ್ ಚಿಪ್ಪು ಸೇರಿಸಿ, ದೊಡ್ಡ ಚಿಪ್ಪಿನ 8 ಕೆಬಿ ತುಂಡುಗಳನ್ನು ಒಂದಾದ ಮೇಲೊಂದು ಕಿಟಕಿಗೆ ತರುತ್ತಾರೆ. 2017ರಲ್ಲಿ ಬಂದ ‘ಸ್ಯಾಮ್ಸ್ ಜರ್ನಿ’ಯಂಥ ದೊಡ್ಡ ಆಟ ಕಾರ್ಟ್ರಿಜ್‌ನಲ್ಲೂ ಮಾರಾಟವಾಯಿತು. ತಯಾರಿಸಿದ ಕಂಪನಿ ಸತ್ತು ಇಪ್ಪತ್ತು ವರ್ಷ ಕಳೆದ ಮೇಲೆ ಹೊಸ ಆಟ ಬರುತ್ತದೆ ಎಂದರೆ ಆ ಯಂತ್ರ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹೋಗಿಲ್ಲ ಎಂದು ಅರ್ಥ.

ಹವ್ಯಾಸಿಗಳಿಗೂ ಒಂದು ಮಾತು ಸಲ್ಲಬೇಕು. ಹೊಸ ಕಾರ್ಟ್ರಿಜ್‌ಗೆ ಕವಚ ಬೇಕು ಎಂದು ಕೆಲಸ ಮಾಡುತ್ತಿರುವ ಹಳೆಯ ಕಾರ್ಟ್ರಿಜ್ಜನ್ನು ಒಡೆಯುವ ಅಭ್ಯಾಸ ಹಲವರಲ್ಲಿದೆ. ಅಗ್ಗದ ಆಟ, ಯಾರಿಗೂ ಬೇಡ ಎಂಬುದು ಅವರ ಸಮರ್ಥನೆ. ಇಂದು ಯಾರಿಗೂ ಬೇಡದ ಓಲೆಕಟ್ಟನ್ನೇ ಒಲೆಗೆ ಹಾಕಿದ್ದು, ಹೊಳೆಗೆ ಬಿಟ್ಟದ್ದು ಎಂದು ನೆನಪಿಡಬೇಕು. ಈಗ ಕವಚವನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಯಬಹುದು, ಬೋರ್ಡಿನ ನಕ್ಷೆಯನ್ನು ಸ್ವತಃ ಬಿಡಿಸಿ ಮಾಡಿಸಬಹುದು. ಒಡೆಯುವ ಅಗತ್ಯ ಉಳಿದಿಲ್ಲ. ಇನ್ನೊಂದು, ಮಾಡಿದ್ದನ್ನು ಬರೆದಿಡದೆ ಇರುವುದು. ಸರ್ಕ್ಯೂಟಿನ ನಕ್ಷೆ ಇಲ್ಲದ ಕಾರ್ಟ್ರಿಜ್, ಮಾಡಿದವರೊಂದಿಗೇ ಮುಗಿಯುತ್ತದೆ.

ಭಾರತದಲ್ಲಿ ಈ ಕೆಲಸಕ್ಕೆ ಕಮೊಡೋರ್ 64ರ ಹಿಂದೆಯೇ ಬೀಳಬೇಕೆಂದಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕ್ಲಾಸ್ ಯೋಜನೆಯಲ್ಲಿ ಈ ದೇಶದ ಶಾಲೆಗಳಿಗೆ ಬಂದದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು. ಆ ಯಂತ್ರದ ಒಳಗೂ ಖಾಲಿ ರಾಮ್ ಸಾಕೆಟ್ಟುಗಳಿದ್ದವು. ಇಪ್ರಾಮಿನಲ್ಲಿ ಸ್ವಂತ ಪ್ರೋಗ್ರಾಂ ಬರೆದು ಅಲ್ಲಿ ಕೂರಿಸಬಹುದಿತ್ತು. ಯಾವ ಶಾಲೆಯ ಮೇಷ್ಟರು ಮಕ್ಕಳಿಗೆ ಗಣಿತ ಕಲಿಸಲು ಒಂದು ಆಟ ಬರೆದಿದ್ದರೋ, ಯಾವ ಉಗ್ರಾಣದ ಅಟ್ಟದಲ್ಲಿ ಆ ಫ್ಲಾಪಿ ಬೂಷ್ಟು ಹಿಡಿದು ಕೂತಿದೆಯೋ, ಹುಡುಕಿದವರಿಗೆ ಮಾತ್ರ ತಿಳಿದೀತು. ಸಿಕ್ಕರೆ ಅದನ್ನು ಓದಿ, ಚಿಪ್ಪಿಗೆ ಬರೆದು, ಮತ್ತೆ ಓಡಿಸಲು ಬರುವ ಕೈಗಳು ಬೇಕು. ಬೇಕಾದ ಬಿಡಿಭಾಗಗಳಿಗೆ ಹುಡುಕಾಟ ಆರಂಭಿಸುವ ಬೀದಿ ಎಲ್ಲ ಊರಿನಲ್ಲೂ ಇದೆ: ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ದೆಹಲಿಯಲ್ಲಿ ಲಜಪತ್ ರಾಯ್ ಮಾರ್ಕೆಟ್, ಬೆಂಗಳೂರಿನಲ್ಲಿ ಎಸ್.ಪಿ. ರೋಡ್. ಮೊದಲ ಸಲ ಮಾಡುವವರು ಕಿಟಕಿಯ ಚಿಪ್ಪಿಗಾಗಿಯೇ ಅಲೆಯಬೇಕಿಲ್ಲ, 28ಸಿ64 ಎಂಬ, ದೀಪ ಬೇಡದ ಚಿಪ್ಪಿನಿಂದಲೂ ಆರಂಭಿಸಬಹುದು.

ತಾಳೆಗರಿಯ ಪ್ರತಿಕಾರರಿಗೆ ಒಂದು ರೂಢಿಯಿತ್ತು. ಕಾವ್ಯ ಮುಗಿದ ಮೇಲೆ ಕೊನೆಯ ಗರಿಯಲ್ಲಿ ಸಂವತ್ಸರ, ತಿಥಿ, ತಮ್ಮ ಹೆಸರು ಬರೆದು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುತ್ತಿದ್ದರು. ಇಪ್ರಾಮ್ ಕಿಟಕಿಯ ಮೇಲಿನ ಚೀಟಿಯಲ್ಲಿ ಅಷ್ಟು ಜಾಗವಿಲ್ಲ. ಆದರೂ ಒಳಗೆ ಏನಿದೆ, ಯಾವ ದಿನ ಬರೆದದ್ದು, ಚೆಕ್‌ಸಮ್ ಎಷ್ಟು ಎಂದು ಸಣ್ಣ ಅಕ್ಷರದಲ್ಲಿ ಬರೆಯಬಹುದು. ಮೂವತ್ತು ವರ್ಷದ ನಂತರ ಅದನ್ನು ಕೈಗೆತ್ತಿಕೊಂಡವರಿಗೆ ಇನ್ನೊಂದು ಪ್ರತಿ ಮಾಡುವ ಕಾಲ ಬಂದಿದೆಯೇ ಎಂದು ಆ ಚೀಟಿಯಿಂದಲೇ ತಿಳಿಯುತ್ತದೆ.